ಅಲುಗಾಡದ ಬೀದಿ

ಹೊರೆ ಎಂದರೇನು ಎಂಬುದು ಖಾತ್ರಿಯಣ್ಣನಿಗೆ ಗೊತ್ತಿದ್ದಷ್ಟು ಆ ಬೀದಿಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವನು ಪಾರ್ಸೆಲ್ ಗೋದಾಮಿನಲ್ಲಿ ತೂಕದ ಗುಮಾಸ್ತ. ಮೂಟೆಯ ಮುಖ ನೋಡಿದ ಕೂಡಲೇ "ನಲವತ್ತೆರಡೂವರೆ, ಖಾತ್ರಿ" ಎನ್ನುತ್ತಿದ್ದ. ತಕ್ಕಡಿ ಬೇರೆ ಏನಾದರೂ ಹೇಳಿದರೆ ತಕ್ಕಡಿಯನ್ನು ರಿಪೇರಿಗೆ ಕಳಿಸುತ್ತಿದ್ದ. ಹೀಗಾಗಿ ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಉಳಿಯಿತು, ಬೀದಿಯ ಬಾಯಲ್ಲಿ ಖಾತ್ರಿಯಣ್ಣ ಎಂಬುದೇ ನಿಂತಿತು.

ಇಂಥವನ ನೆಮ್ಮದಿ ಕೆಟ್ಟಿದ್ದು ಗೋದಾಮಿನ ಮ್ಯಾನೇಜರರಿಂದ. ಒಂದು ದಿನ ಊಟದ ಹೊತ್ತಿನಲ್ಲಿ ಅವರು ಮೊಬೈಲು ತೆಗೆದು, "ನೋಡ್ರಯ್ಯ, ಇಲ್ಲಿ ಕೂತ್ಕೊಂಡೇ ನಮ್ಮನೆ ಬಾಗಿಲು ನೋಡ್ತೀನಿ. ಎರಡು ಕ್ಯಾಮೆರಾ ಹಾಕ್ಸಿದೀನಿ" ಎಂದರು. ಎಲ್ಲರೂ ಬಗ್ಗಿ ನೋಡಿದರು. ಬಾಗಿಲು ಬಾಗಿಲಿನ ಹಾಗೇ ಇತ್ತು. ಸುಮ್ಮನೆ ಕೈತೊಳೆದುಕೊಂಡು ಹೋಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಖಾತ್ರಿಯಣ್ಣನ ಬಾಯಿ ಅವನಿಗಿಂತ ಒಂದು ಹೆಜ್ಜೆ ಮುಂದೆ.

"ಎರಡು ಎಲ್ಲಿ ಸಾಲುತ್ತೆ ಸಾರ್? ಮನೆ ಅಂದ್ಮೇಲೆ ನಾಲ್ಕು ದಿಕ್ಕು. ನಾನು ನಾಲ್ಕು ಹಾಕಿಸ್ತಿದೀನಿ, ಖಾತ್ರಿ."

ಆಡಿದ ಮಾತನ್ನು ನುಂಗುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ಭಾನುವಾರದೊಳಗೆ ನಾಲ್ಕು ಕ್ಯಾಮೆರಾ ಬಂದವು. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದ ಹೆಂಡತಿ ಅವನ್ನು ನೋಡಿ, "ಕಳ್ಳ ಬಂದ್ರೆ ಅವನಿಗೇನಾದ್ರೂ ಸಿಗೋ ಹಾಗೆ ಮೊದ್ಲು ಒಂದೆರಡು ಸಾಮಾನು ತಂದಿಡಿ" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಮನೆಯ ಹಿಂದುಗಡೆ ಹಳೆಯ ಮಿಲ್ಲಿನ ಎತ್ತರದ ಗೋಡೆ. ಎಡಕ್ಕೆ ವರ್ಷಗಟ್ಟಲೆ ಬೀಗ ಹಾಕಿದ ಮನೆ. ಬಲಕ್ಕೆ ಖಾಲಿ ಸೈಟು. ಹೀಗಾಗಿ ನಾಲ್ಕು ದಿಕ್ಕಿನ ನಾಲ್ಕು ಕ್ಯಾಮೆರಾಗಳೂ ಕೊನೆಗೆ ಬೀದಿಯ ಕಡೆಗೇ ಮುಖ ಮಾಡಿ ನಿಂತವು.

ಅವುಗಳ ಚಿತ್ರವನ್ನೆಲ್ಲ ಹಿಡಿದಿಡುವ ಕೆಲಸ ಒಂದು ಹಳೆಯ ಕಂಪ್ಯೂಟರಿನದು. ಅದು ಭಾವಮೈದುನನ ಮನೆಯಿಂದ ಬಂದದ್ದು. ಅವನು "ಇಟ್ಕೊಳ್ಳಿ ಭಾವ" ಎಂದು ಕೊಟ್ಟ ವಸ್ತುಗಳಲ್ಲಿ ಇದೊಂದೇ ಇನ್ನೂ ಉಸಿರಾಡುತ್ತಿತ್ತು. ಈಗ ಆ ಉಸಿರೇ ದೊಡ್ಡದಾಯಿತು. ಮೊದಲ ದಿನ ಅದರ ಫ್ಯಾನು ಗೊಣಗಿತು. ಎರಡನೆಯ ದಿನ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು. ಮೂರನೆಯ ದಿನ ಮೈಯೆಲ್ಲ ಸುಡುತ್ತಾ ತೆರೆಯನ್ನು ಕಪ್ಪು ಮಾಡಿಕೊಂಡು ಕೂತೇಬಿಟ್ಟಿತು.

"ಲೋಡ್ ಜಾಸ್ತಿ ಆಗಿರ್ಬೇಕು ಭಾವ" ಎಂದು ಭಾವಮೈದುನ ಫೋನಿನಲ್ಲಿ ಹೇಳಿದ.

ಹೊರೆಯ ಮಾತು ಬಂದ ಮೇಲೆ ಖಾತ್ರಿಯಣ್ಣನಿಗೆ ಇನ್ನೊಬ್ಬರ ಸಲಹೆ ಬೇಕೇ? ಕಂಪ್ಯೂಟರಿನ ಪೆಟ್ಟಿಗೆಯ ಮೇಲಿದ್ದ ಕಸೂತಿ ಬಟ್ಟೆ, ಟೈಂಪೀಸು, ಪ್ಲಾಸ್ಟಿಕ್ ಹೂವಿನ ಕುಂಡ ಎಲ್ಲವನ್ನೂ ತೆಗೆದು ಕೆಳಗಿಟ್ಟ. ಒಟ್ಟು ಒಂದೂಮುಕ್ಕಾಲು ಕೇಜಿ ಇಳಿದಿತ್ತು. ಕಂಪ್ಯೂಟರು ಮತ್ತೆ ಎದ್ದಿತು, ಅರ್ಧ ಗಂಟೆಯಲ್ಲಿ ಮತ್ತೆ ಕೂತಿತು. ಆಗ ವಿಧಿಯಿಲ್ಲದೆ ರಿಪೇರಿಯಕ್ಕನಿಗೆ ಹೇಳಿಕಳಿಸಿದ.

ರಿಪೇರಿಯಕ್ಕ ಮುಖ್ಯರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಹೆಂಗಸು. ಮಾತು ಕಮ್ಮಿ, ಕೆಲಸ ಚೊಕ್ಕ. ಬಂದವಳೇ ತೆರೆಯ ಮೂಲೆಯಲ್ಲಿ ಒಂದು ಪುಟ್ಟ ಅಂಕಿ ಕಾಣುವ ಹಾಗೆ ಮಾಡಿದಳು. ತೊಂಬತ್ತೇಳು ಎಂದಿತ್ತು.

"ಇದು ಲೋಡು. ನೂರಕ್ಕೆ ತೊಂಬತ್ತೇಳು. ಪಾಪ, ನಾಲ್ಕು ಕ್ಯಾಮೆರಾದ್ದೂ ದೊಡ್ಡ ಚಿತ್ರ, ಇಪ್ಪತ್ತನಾಲ್ಕು ಗಂಟೆ. ಬರೋ ಚಿತ್ರಾನ ಬಿಚ್ಚಿ, ನೋಡಿ, ಮತ್ತೆ ಮಡಚಿ ಇಡ್ತಾ ಇದೆ. ಈ ವಯಸ್ಸಲ್ಲಿ ಎಷ್ಟು ಅಂತ ಮಾಡುತ್ತೆ? ಈಗ ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಆಗೋ ಹಾಗೆ ಹಾಕಿದೀನಿ. ಆದ್ರೂ ಅಲುಗಾಟ ಬಹಳ ಇದೆ. ಅದನ್ನ ಕಡಿಮೆ ಮಾಡ್ಬೇಕು. ಹೇಗೆ ಅಂದ್ರೆ—"

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ದೂರದ ಊರಿನಲ್ಲಿದ್ದ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ರಿಪೇರಿಯಕ್ಕ ಚೀಲ ಎತ್ತಿಕೊಂಡು, ಚಪ್ಪಲಿಗೆ ಕಾಲು ತೂರಿಸುತ್ತಾ, "ಅಲುಗಾಟ ಕಡಿಮೆ ಮಾಡ್ಕೊಳ್ಳಿ ಅಣ್ಣ! ಉಳಿದಿದ್ದು ಬಂದು ಹೇಳ್ತೀನಿ" ಎಂದು ಓಡಿದಳು.

ಮುಂದಿನ ಅನಾಹುತಕ್ಕೆಲ್ಲ ಈ ಅರ್ಧ ವಾಕ್ಯವೇ ಬುನಾದಿ. ಪೂರ್ತಿ ವಾಕ್ಯದಲ್ಲಿ ಇದ್ದದ್ದು ಕಂಪ್ಯೂಟರಿನೊಳಗೆ ಮಾಡಬೇಕಾದ ಕೆಲಸ. ಖಾತ್ರಿಯಣ್ಣ ಅದನ್ನು ಹೊರಗೆ ಮಾಡಹೊರಟ.

ಮೊದಲು ಮನೆಯಿಂದಲೇ ಶುರು. ಅಂಗಳದ ಬಟ್ಟೆ ಹಗ್ಗ ತಾರಸಿಗೆ ಹೋಯಿತು. ಗೇಟಿನ ಹತ್ತಿರದ ತೂಗುಕುಂಡಗಳು ಕೋಣೆಯೊಳಗೆ ಬಂದವು. ಅವನು ಕಂಪ್ಯೂಟರಿನ ಮುಂದೆ ಕೂತು, ರೋಗಿಯ ನಾಡಿ ಹಿಡಿದ ವೈದ್ಯನ ಗಾಂಭೀರ್ಯದಿಂದ ಅಂಕಿಯನ್ನು ಕೂಗುತ್ತಿದ್ದ. "ಎಂಬತ್ತೆರಡು! ಯಾರದು ಗೇಟ್ ತೆಗ್ದಿದ್ದು?"

"ನಾನು. ಸ್ಕೂಲಿಗೆ ಹೋಗ್ತಿದೀನಿ" ಎಂದಳು ಹೆಂಡತಿ.

"ಸ್ವಲ್ಪ ನಿಧಾನಕ್ಕೆ ಹೋಗೇ."

"ನಿಧಾನಕ್ಕೆ ಹೋದ್ರೆ ನಿಮ್ಮ ಕ್ಯಾಮೆರಾ ಮುಂದೆ ಇನ್ನೂ ಹೆಚ್ಚು ಹೊತ್ತು ಇರ್ತೀನಿ."

ಅವನು ಇದನ್ನು ಯೋಚಿಸಿರಲಿಲ್ಲ. "ಹಾಗಾದ್ರೆ ಓಡು" ಎಂದ. ಅವಳು ಅವನನ್ನು ಒಂದು ಸಲ ನೋಡಿ, ತನ್ನ ಮಾಮೂಲಿ ನಡಿಗೆಯಲ್ಲೇ ಹೋದಳು.

ಆದರೆ ಬೀದಿ ಮನೆಯ ಮಾತು ಕೇಳುವುದುಂಟೇ? ಎದುರಿನ ಟೈಲರ್ ಅಂಗಡಿಗೆ ಬರುವವರು, ಅದರ ಮೇಲಿನ ಮನೆಯಲ್ಲಿದ್ದ ಮಹಡಿಯಜ್ಜಿಯ ಸಂಜೆಯ ವಾಕಿಂಗು, ಸೈಕಲ್ಲು, ಬೆಕ್ಕು, ಗಾಳಿಗೆ ಹಾರುವ ಕಾಗದ. ಒಂದೊಂದಕ್ಕೂ ಅಂಕಿ ಜಿಗಿಯುತ್ತಿತ್ತು. ಖಾತ್ರಿಯಣ್ಣ ಗೋದಾಮಿನಿಂದ ಹಳದಿ ತಗಡಿನ ಒಂದು ಬೋರ್ಡು ತಂದ. ಲಾರಿಗಳಿಗೆ ಬರೆಯುವ ಕೆಂಪು ಬಣ್ಣದಲ್ಲಿ, ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ, ಹೀಗೆ ಬರೆದು ಗೇಟಿಗೆ ಕಟ್ಟಿದ:

"ಎಚ್ಚರಿಕೆ! ಲೋಡ್ ಮಿತಿಮೀರಿದೆ. ಈ ಭಾಗದಲ್ಲಿ ಅನಗತ್ಯ ಓಡಾಟ ಮಾಡಬಾರದು. ಅಪ್ಪಣೆಯ ಮೇರೆಗೆ."

ಯಾರ ಅಪ್ಪಣೆ ಎಂದು ಯಾರೂ ಕೇಳಲಿಲ್ಲ. ಬೀದಿಯ ಜನ ಬೋರ್ಡನ್ನು ಓದಿದರು, ತಮ್ಮ ಕಾಲ ಕೆಳಗಿನ ನೆಲವನ್ನು ನೋಡಿಕೊಂಡರು. ಪಕ್ಕದ ಬೀದಿಯಲ್ಲಿ ಹೋದ ತಿಂಗಳಷ್ಟೇ ಒಳಚರಂಡಿಗೆಂದು ಅಗೆದಿದ್ದರು. ಅದೂ ಅಲ್ಲದೆ ಬರೆದವನು ಯಾರು? ತೂಕದ ವಿಷಯದಲ್ಲಿ ತಕ್ಕಡಿಗೇ ಬುದ್ಧಿ ಹೇಳುವವನು.

ಅಂದು ಸಂಜೆ ಅವನು ಕೆಲಸದಿಂದ ಬರುವಾಗ ಟೈಲರ್ ತನ್ನ ಅಂಗಡಿಯ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ಕತ್ತಿನಲ್ಲಿ ಅಳತೆ ಟೇಪು, ಮುಖದಲ್ಲಿ ಚಿಂತೆ. ಇಬ್ಬರದೂ ಹತ್ತೊಂಬತ್ತು ವರ್ಷದ ಸ್ನೇಹ. ಟೈಲರ್ ಭಾರಿ ಆಳು. ತನ್ನ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಅವನು ಯಾರಿಗೂ ಹೇಳುತ್ತಿರಲಿಲ್ಲ.

"ಏನಯ್ಯ ಇದು, ನಿಜಾನಾ? ಲೋಡ್ ಜಾಸ್ತಿ ಆಗಿದ್ಯಾ?" ಎಂದ ಟೈಲರ್.

ಖಾತ್ರಿಯಣ್ಣನ ತಲೆಯಲ್ಲಿ ಇದ್ದದ್ದು ಕಂಪ್ಯೂಟರು. "ಅಯ್ಯೋ, ಕೇಳ್ಬೇಡ. ಮೂರು ದಿನದ ಹಿಂದೆ ಪೂರ್ತಿ ಕೂತೇಹೋಗಿತ್ತು. ಹೇಗೋ ಎದ್ದಿದೆ."

"ಕೂತೇಹೋಗಿತ್ತಾ! ನಮಗೆ ಗೊತ್ತೇ ಆಗ್ಲಿಲ್ವಲ್ಲೋ."

"ಒಳಗಿನ ವಿಷ್ಯ. ಹೊರಗಿನಿಂದ ನೋಡಿದ್ರೆ ಏನೂ ಕಾಣಲ್ಲ."

ಟೈಲರ್ ಒಂದು ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದ. "ಎಷ್ಟರ ತನಕ ತಡೆಯುತ್ತೆ?"

"ಎಂಬತ್ತರ ತನಕ ಪರವಾಗಿಲ್ಲ. ತೊಂಬತ್ತು ದಾಟಿತೋ, ಗ್ಯಾರಂಟಿ ಇಲ್ಲ."

"ನಂದು ನೂರೆಂಟು" ಎಂದ ಟೈಲರ್, ಬಹಳ ಸಣ್ಣ ಧ್ವನಿಯಲ್ಲಿ.

ಖಾತ್ರಿಯಣ್ಣ ಆಗಲೇ ಗೇಟಿನೊಳಗೆ ಹೋಗಿದ್ದ. ಅವನ ಕಿವಿಗೆ ಅದು ಬೀಳಲಿಲ್ಲ. ಬಿದ್ದಿದ್ದರೆ ಬಹುಶಃ ಎಲ್ಲ ಅಲ್ಲೇ ಮುಗಿಯುತ್ತಿತ್ತು.

ಟೈಲರಿಗೆ ತಿಳಿದದ್ದು ರಾತ್ರಿ ಊಟದೊಳಗೆ ಬೀದಿಗೆಲ್ಲ ತಿಳಿಯಿತು. ನಿವಾಸಿಗಳ ಸಂಘಕ್ಕೆ ಅಧ್ಯಕ್ಷರೊಬ್ಬರಿದ್ದರು. ಸೀನು ಬಂದರೂ ಠರಾವು ಮಂಡಿಸಿ ಸೀನುವವರು ಎಂದು ಅವರಿಗೆ ಠರಾವು ಎಂದೇ ಹೆಸರು. ಬೆಳಗಾಗುವುದರಲ್ಲಿ ಅವರು ನಗರ ಕಚೇರಿಗೆ ಮೂರು ಪುಟದ ಅರ್ಜಿ ಬರೆದರು: ನಮ್ಮ ರಸ್ತೆಯ ಅಡಿಯಲ್ಲಿ ಟೊಳ್ಳಾಗಿದೆ, ಒಮ್ಮೆ ಕುಸಿದು ತಾನಾಗಿಯೇ ಎದ್ದಿದೆ, ಎಂಬತ್ತು ಕೇಜಿಗಿಂತ ಹೆಚ್ಚು ತಡೆಯದು ಎಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ರಸ್ತೆ ಇಂಜಿನಿಯರು ಎರಡೇ ದಿನದಲ್ಲಿ ಬಂದರು. ಕಬ್ಬಿಣದ ಸರಳಿನಿಂದ ರಸ್ತೆಯನ್ನು ಮೂರು ಕಡೆ ಕುಟ್ಟಿ, ಕಿವಿಗೊಟ್ಟು ಕೇಳಿದರು. ರಸ್ತೆ ಠಣ್ ಎಂದಿತು.

"ಗಟ್ಟಿ ಇದ್ದ ಹಾಗಿದೆ" ಎಂದರು ಇಂಜಿನಿಯರು.

"ಗಟ್ಟಿ ಇದ್ದ ಹಾಗೆ ಕಾಣೋದೇ ಅಪಾಯ ಸಾರ್" ಎಂದರು ಠರಾವು. "ಇದು ಒಳಗಿನ ವಿಷಯ, ಹೊರಗಿನಿಂದ ಏನೂ ಕಾಣಲ್ಲ ಅಂತ ತಜ್ಞರೇ ಹೇಳಿದಾರೆ."

ಇಂಜಿನಿಯರು ಯೋಚಿಸಿದರು. ಅಪಾಯ ಇಲ್ಲ ಎಂದು ಬರೆದು ನಾಳೆ ಯಾರಾದರೂ ಒಳಗೆ ಹೋದರೆ ಕುತ್ತಿಗೆಗೆ ಬರುತ್ತದೆ. ಅಪಾಯ ಇದೆ ಎಂದು ಬರೆದರೆ ಯಾರಿಗೂ ಏನೂ ಆಗುವುದಿಲ್ಲ. ಖಾತ್ರಿಯಣ್ಣನ ಮನೆಯ ಎಡಬಲಕ್ಕೆ ಮೂವತ್ತು ಮೂವತ್ತು ಅಡಿಯಾಚೆ ರಸ್ತೆಗೆ ಅಡ್ಡಲಾಗಿ ಒಂದೊಂದು ಕಟಕಟೆ ಬಂತು. ಟೈಲರ್ ಅಂಗಡಿಯ ಮುಂಬಾಗಿಲು ಮುಚ್ಚಿತು. ಗಿರಾಕಿಗಳು ಅಡುಗೆಮನೆಯ ಮೂಲಕ ಒಳಗೆ ಬಂದು ಅಳತೆ ಕೊಡಬೇಕಾಯಿತು. ಮಹಡಿಯಜ್ಜಿಯ ವಾಕಿಂಗು ಬಾಲ್ಕನಿಯಲ್ಲಿ ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ ಆಯಿತು. ಖಾತ್ರಿಯಣ್ಣನ ಮನೆಯವರಿಬ್ಬರು ಮಾತ್ರ ಕಾಂಪೌಂಡು ಹಿಡಿದು, ಒಂದಡಿ ಅಗಲದಲ್ಲಿ, ಒಬ್ಬೊಬ್ಬರಾಗಿ ಓಡಾಡಬಹುದು ಎಂದು ಅಪ್ಪಣೆಯಾಯಿತು.

ಸರಳಿನ ಠಣ್ ಕೇಳಿದಾಗಲೇ ಖಾತ್ರಿಯಣ್ಣನಿಗೆ ಎಲ್ಲ ಅರ್ಥವಾಗಿತ್ತು. ಹೇಳಿಬಿಡಬೇಕೆಂದು ಗೇಟಿನವರೆಗೆ ಬಂದ. ಅಷ್ಟರಲ್ಲಿ ಕೋಣೆಯೊಳಗೆ ಏನೋ ನಿಂತುಹೋದಂತೆ ಆಯಿತು. ಫ್ಯಾನಿನ ಸದ್ದು. ಹೋಗಿ ನೋಡಿದರೆ ತೆರೆಯ ಮೂಲೆಯಲ್ಲಿ ಹನ್ನೊಂದು.

ಹನ್ನೊಂದು! ಮೂವತ್ತೆರಡು ಲಾರಿ ಇಳಿಸಿದ ದಿನವೂ ಅವನಿಗೆ ಇಷ್ಟು ಹಗುರವಾಗಿರಲಿಲ್ಲ. ಅವನು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. ಸುಮ್ಮನಿದ್ದ, ಅಷ್ಟೆ.

"ರೀ, ಇದೆಲ್ಲ ನಿಮ್ಮ ಬೋರ್ಡಿಂದ ಆಗಿದ್ದಲ್ವಾ?" ಎಂದು ಹೆಂಡತಿ ಕೇಳಿದಳು.

"ಇಲಾಖೆಯೋರು ಸ್ಥಳ ಪರಿಶೀಲನೆ ಮಾಡಿ ತೀರ್ಮಾನ ಮಾಡಿದ್ಮೇಲೆ ನಾವ್ಯಾರು?"

"ಟೈಲರಣ್ಣ ಹೆದರ್ಕೊಂಡು ಗೋಡೆ ಪಕ್ಕ ನಡೀತಿದಾರೆ. ಇವತ್ತೇ ಹೋಗಿ ಹೇಳಿ."

"ರಿಪೇರಿಯಕ್ಕ ಬರ್ಲಿ. ಬಂದ ಕೂಡ್ಲೇ ಹೇಳ್ತೀನಿ, ಖಾತ್ರಿ."

"ಶುಕ್ರವಾರದವರೆಗೆ ನೋಡ್ತೀನಿ. ಆಮೇಲೆ ನಾನೇ ಹೇಳ್ತೀನಿ" ಎಂದಳು ಅವಳು. ಶಾಲೆಯ ಮಕ್ಕಳಿಗೆ ಕೊಡುವ ಗಡುವಿನ ದನಿ ಅದು. ಅದನ್ನು ಮೀರಿದ ಮಗು ಇನ್ನೂ ಹುಟ್ಟಿರಲಿಲ್ಲ.

ಬುಧವಾರ ಅಂಕಿ ಆರಕ್ಕೆ ಇಳಿಯಿತು. ಮನುಷ್ಯನ ಆಸೆಗೆ ಕೊನೆಯುಂಟೇ? ಉಳಿದ ಆರು ಎಲ್ಲಿಂದ ಬರುತ್ತಿದೆ ಎಂದು ಅವನು ನಾಲ್ಕು ಚಿತ್ರಗಳನ್ನೂ ಕಣ್ಣು ಕಿರಿದು ಮಾಡಿ ನೋಡಿದ. ಎರಡನೆಯ ಕ್ಯಾಮೆರಾದಲ್ಲಿ, ಅಂಗಳದ ಬಾದಾಮಿ ಮರದ ಒಂದು ಕೊಂಬೆ ಬೀದಿಯ ಮೇಲಕ್ಕೆ ಚಾಚಿ, ಅಗಲದ ಎಲೆಗಳನ್ನು ಬೀಸಣಿಗೆಯಂತೆ ಆಡಿಸುತ್ತಿತ್ತು. ಗುರುವಾರ ಗೋದಾಮಿಗೆ ರಜೆ ಹಾಕಿದ. ಹೆಂಡತಿ ಶಾಲೆಗೆ ಹೋದ ಮೇಲೆ ಏಣಿ, ಗರಗಸ ತೆಗೆದ.

ಕೊಂಬೆಯ ತೂಕ ಹದಿನೆಂಟು ಕೇಜಿ ಎಂದು ಅವನು ಅಂದಾಜು ಮಾಡಿದ್ದ. ಅಂದಾಜು ಸರಿಯಾಗಿಯೇ ಇತ್ತು. ಆದರೆ ಆ ಹದಿನೆಂಟು ಕೇಜಿ ಯಾವ ಕಡೆಗೆ ಬೀಳುತ್ತದೆ ಎಂಬುದು ತೂಕದ ಶಾಸ್ತ್ರದಲ್ಲಿ ಬರುವುದಿಲ್ಲ. ಕೊಂಬೆ ಮುರಿದು, ಏಣಿಗೆ ಒದ್ದು, ಕಾಂಪೌಂಡಿನ ಆಚೆಗೆ ಬಿತ್ತು. ಅದೂ ಆ ಒಂದಡಿ ಕಾಲುದಾರಿಯ ಮೇಲೆ ಸರಿಯಾಗಿ. ಖಾತ್ರಿಯಣ್ಣ ಕಾಂಪೌಂಡಿನ ಈಚೆಗೆ, ಗೇಟಿನ ಹಿಂದೆ ಬಿದ್ದ. ಬಲಗಾಲಿನ ಪಾದ ಬೇರೆ ಯಾರದೋ ಕಾಲಿನ ಹಾಗೆ ತಿರುಗಿತ್ತು. ಏಳಲು ಹೋದ. ಕಣ್ಣು ಕತ್ತಲೆ ಬಂತು. ಮೊಬೈಲು ಕಂಪ್ಯೂಟರಿನ ಪಕ್ಕದಲ್ಲಿತ್ತು.

"ಯಾರಾದ್ರೂ ಇದೀರಾ?" ಎಂದು ಕೂಗಿದ.

ಇರಲಿಲ್ಲ. ಆ ಹೊತ್ತಿಗೆ ಮಾಮೂಲಿಯಾಗಿ ಏಳೆಂಟು ಜನ ಹಾಯುವ ಜಾಗ ಅದು. ಈಗ ಕಾಗೆಯೂ ಇಳಿಯುತ್ತಿರಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬಂತು, ಅವನ ಮೊಣಕಾಲಿಗೆ ಬಂತು. ನೋವು ಹೆಚ್ಚಾಗುತ್ತದೆಂದು ಅವನು ಕೈಯನ್ನೂ ಎತ್ತದೆ ಬಿದ್ದಿದ್ದ. ತಾನು ಇಷ್ಟು ದಿನ ಬೇಡಿದ್ದ ನಿಶ್ಶಬ್ದ ಇದೇ ಎಂದು ಅವನಿಗೆ ಅನಿಸಿತು. ಅದು ಇಷ್ಟು ದೊಡ್ಡದಿರುತ್ತದೆ ಎಂದು ಗೊತ್ತಿರಲಿಲ್ಲ.

ಕೊನೆಗೆ ನೋಡಿದವಳು ಮಹಡಿಯಜ್ಜಿ. ಬಾಲ್ಕನಿಯ ಆರನೆಯ ಹೆಜ್ಜೆಗೆ ತಿರುಗುವಾಗ ಗೇಟಿನ ಸಂದಿಯಲ್ಲಿ ಒಂದು ಪಾದ ಕಂಡಿತು.

"ಅಯ್ಯೋ, ಕುಸಿದುಹೋಯ್ತು! ಖಾತ್ರಿ ಒಳಗೆ ಹೋಗ್ತಿದಾನೆ, ಬನ್ರೋ!"

ಐದು ನಿಮಿಷದಲ್ಲಿ ಎರಡೂ ಕಟಕಟೆಗಳ ಆಚೆ ಬೀದಿಯೆಲ್ಲ ಸೇರಿತು. ಬಿದ್ದ ಕೊಂಬೆಯನ್ನು ನೋಡಿ, ನೆಲ ಕುಸಿದೇ ಮರ ಮುರಿದಿದೆ ಎಂದು ತೀರ್ಮಾನವಾಯಿತು. ಆಂಬ್ಯುಲೆನ್ಸೂ ಬಂತು, ಕಟಕಟೆಯ ಹತ್ತಿರ ನಿಂತಿತು.

"ಗಾಡಿ ಎಷ್ಟು ಕೇಜಿ?" ಎಂದು ಠರಾವು ಕೇಳಿದರು.

"ಎರಡೂವರೆ ಸಾವಿರ" ಎಂದ ಡ್ರೈವರ್.

ಜನ ಎರಡು ಹೆಜ್ಜೆ ಹಿಂದೆ ಸರಿದರು. ಸ್ಟ್ರೆಚರಿನವರು ನಡೆದು ಹೋಗುತ್ತೇವೆಂದರು. ಇಬ್ಬರು, ಸ್ಟ್ರೆಚರು, ಬರುವಾಗ ಮೇಲೆ ರೋಗಿ. ಕೂಡಿಸಿ ನೋಡಿದ ಠರಾವು, ಇಂಜಿನಿಯರ ಲಿಖಿತ ಅನುಮತಿ ಇಲ್ಲದೆ ಬಿಡಲಾಗದು ಎಂದರು. ಇಂಜಿನಿಯರು ಇನ್ನೊಂದು ರಸ್ತೆ ಕುಟ್ಟಲು ಹೋಗಿದ್ದರು. ಫೋನು ಎತ್ತುತ್ತಿರಲಿಲ್ಲ.

ಆಗ ಟೈಲರ್ ಅಂಗಡಿಯ ಮುಂಬಾಗಿಲು ತೆರೆಯಿತು.

ಟೈಲರ್ ಬಟ್ಟೆ ಕತ್ತರಿಸುವ ದೊಡ್ಡ ಹಲಗೆಯನ್ನು ಮೇಜಿನಿಂದ ಕಿತ್ತು ತಂದಿದ್ದ. ಇಸ್ತ್ರಿ ಹಾಕುವ ಹಲಗೆ ಬಗಲಲ್ಲಿತ್ತು. ಅವನು ಒಳಗೆ ತಿರುಗಿ ಹೆಂಡತಿಗೆ, "ನೀಲಿ ಅಂಗಿ ಮೇಷ್ಟರದ್ದು, ಗುಂಡಿ ಒಂದು ಬಾಕಿ. ಬಿಳೀದು ಮುಗ್ದಿದೆ" ಎಂದು ಹೇಳಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೊದಲ ಹಲಗೆಯನ್ನು ರಸ್ತೆಯ ಮೇಲೆ ಹಾಸಿ, ನೂರೆಂಟು ಕೇಜಿಯನ್ನೂ ಅದರ ಉದ್ದಕ್ಕೂ ಹಂಚಿ ಅವನು ಬೋರಲು ಮಲಗಿದ. ತೆವಳಿದ. ಎರಡನೆಯದನ್ನು ಮುಂದೆ ತಳ್ಳಿ ಅದರ ಮೇಲೆ ಹೋದ. ಹಿಂದಿನದನ್ನು ಎಳೆದುಕೊಂಡ. ಇಪ್ಪತ್ತು ಅಡಿಯ ರಸ್ತೆ. ಎರಡೂ ಕಡೆಯ ಜನ ಉಸಿರು ಬಿಗಿಹಿಡಿದು, ಇನ್ನೊಬ್ಬರ ಕೈ ಹಿಡಿದು ನಿಂತರು.

ಗೇಟಿನ ಕೆಳಗಿನಿಂದ ಖಾತ್ರಿಯಣ್ಣ ಇದನ್ನು ನೋಡಿದ. ಮೊದಲು ಅದೇನೆಂದು ತಿಳಿಯಲಿಲ್ಲ. ತಿಳಿದಾಗ ಕಾಲಿನ ನೋವು ಚಿಕ್ಕದಾಯಿತು.

"ಎದ್ದೇಳೋ! ಏನೂ ಆಗಲ್ಲ, ನಡ್ಕೊಂಡು ಬಾ!"

"ನೀನು ಅಲುಗಾಡ್ಬೇಡ!" ಎಂದು ಟೈಲರ್ ಹಲಗೆಯ ಮೇಲಿಂದ ಕೂಗಿದ. "ನೀನು ಅಲುಗಾಡಿದ್ರೆ ಇಬ್ರೂ ಹೋಗ್ತೀವಿ!"

"ರಸ್ತೆ ಗಟ್ಟಿ ಇದೆಯೋ! ಬೋರ್ಡು ನಾನೇ ಬರ್ದಿದ್ದು, ಅದು ಕಂಪ್ಯೂಟರಿಗೆ! ಕಂಪ್ಯೂಟರ್ ಲೋಡು!"

ಕಟಕಟೆಯ ಬಳಿ ಠರಾವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿ, ಕಾಲು ಮುರ್ಕೊಂಡು ಬಿದ್ದಿದಾನೆ, ಆದ್ರೂ ಸ್ನೇಹಿತನಿಗೆ ಧೈರ್ಯ ಹೇಳ್ತಿದಾನೆ."

"ನೋವಿಗೆ ಬುದ್ಧಿ ಸ್ಥಿಮಿತ ಇಲ್ಲ ಪಾಪ. ಕಂಪ್ಯೂಟರ್ ಅಂತಿದಾನೆ" ಎಂದಳು ಮಹಡಿಯಜ್ಜಿ, ಬಾಲ್ಕನಿಯಿಂದ.

"ನಿಜ ಹೇಳ್ತಿದೀನಿ! ಖಾತ್ರಿ! ಖಾತ್ರಿ!" ಎಂದು ಅವನು ಅರಚಿದ. ತನ್ನ ಹೆಸರನ್ನೇ ತಾನು ಕರೆದುಕೊಳ್ಳುತ್ತಿದ್ದಾನೆಂದು ಎರಡು ಮೂರು ಹೆಂಗಸರು ಅತ್ತರು.

ಟೈಲರ್ ಗೇಟು ದಾಟಿದ. ಬೆವರು, ದೂಳು, ಮೊಣಕೈಯಲ್ಲಿ ರಕ್ತ. ಬಂದವನೇ ಸೊಂಟಕ್ಕೆ ಸಿಕ್ಕಿಸಿ ತಂದಿದ್ದ ಅಳತೆಯ ಮರದ ಕಡ್ಡಿಯನ್ನು ಮುರಿತದ ಪಕ್ಕಕ್ಕೆ ಇಟ್ಟು, ತನ್ನ ಅಂಗಿಯ ಅಂಚನ್ನು ಹರಿದು, ಕಾಲನ್ನು ಕಟ್ಟಿದ. ಕಾಲರಿಗೆ ಪಟ್ಟಿ ಹಾಕುವಷ್ಟು ಹದವಾಗಿ ಕಟ್ಟಿದ. ಆಮೇಲೆ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತ.

"ವಾಪಸ್ ಹೇಗೆ ಹೋಗ್ತೀಯ?" ಎಂದು ಖಾತ್ರಿಯಣ್ಣ ಕೇಳಿದ.

ಟೈಲರ್ ರಸ್ತೆಯ ಕಡೆ ನೋಡಿದ. "ಅದನ್ನ ಯೋಚ್ನೆ ಮಾಡ್ಲಿಲ್ಲ" ಎಂದ.

ಯಾರೋ ಶಾಲೆಗೆ ಫೋನು ಮಾಡಿದ್ದರು. ಹೆಂಡತಿ ಬಂದಳು. ಕಟಕಟೆಯ ಬಳಿ ಠರಾವು ಕೈ ಅಡ್ಡ ಹಿಡಿದು, "ಟೀಚರಮ್ಮ, ಗೋಡೆ ದಾರಿ ಮುಚ್ಚಿಹೋಗಿದೆ, ದಯವಿಟ್ಟು—" ಎನ್ನುತ್ತಿರುವಾಗಲೇ ಅವಳು ಬಗ್ಗಿ ದಾಟಿ, ಕೈಚೀಲದೊಂದಿಗೆ ರಸ್ತೆಯ ನಟ್ಟನಡುವೆ ನಡೆದಳು. ಜನ ಚೀರಿದರು. ನಡುಮಧ್ಯಕ್ಕೆ ಬಂದು ನಿಂತು, ಎಲ್ಲರಿಗೂ ಕಾಣುವ ಹಾಗೆ, ಕಾಲಿನಿಂದ ನೆಲವನ್ನು ಮೂರು ಸಲ ಜೋರಾಗಿ ಒದ್ದಳು. ನೆಲ ನೆಲದ ಹಾಗೇ ಇತ್ತು. ಆಗಲೇ ಸ್ಟ್ರೆಚರಿನವರು ಅವಳ ಹಿಂದೆ ಓಡಿದ್ದು.

ಕಾಲಿಗೆ ಆರು ವಾರದ ಪ್ಲಾಸ್ಟರು ಬಿತ್ತು. ಭಾನುವಾರ ಸಂಘದ ಸಭೆ ಸೇರಿತು. ಟೈಲರಿಗೆ ಸನ್ಮಾನ, ಖಾತ್ರಿಯಣ್ಣನಿಗೆ ಅಭಿನಂದನೆ ಎಂದು ಠರಾವು ಆಗಿತ್ತು. ಖಾತ್ರಿಯಣ್ಣ ಊರುಗೋಲಿನ ಮೇಲೆ ಎದ್ದು ನಿಂತು, ಮ್ಯಾನೇಜರರ ಬಾಗಿಲಿನಿಂದ ಬಾದಾಮಿ ಕೊಂಬೆಯವರೆಗೆ ಒಂದನ್ನೂ ಬಿಡದೆ ಹೇಳಿದ. ಹೆಂಡತಿ ಮೊದಲ ಸಾಲಿನಲ್ಲಿ ಕೂತು, ಬಿಟ್ಟುಹೋದ ಕಡೆಯಲ್ಲಿ "ಬೋರ್ಡು", "ಹನ್ನೊಂದು" ಎಂದು ನೆನಪಿಸುತ್ತಿದ್ದಳು. ಈ ಸಲ ಯಾರಿಗೂ ಬುದ್ಧಿ ಸ್ಥಿಮಿತದ ಅನುಮಾನ ಬರಲಿಲ್ಲ.

"ಒಂದು ವಾರ ಬಾಲ್ಕನೀಲಿ ಗಾಣದೆತ್ತಿನ ಹಾಗೆ ತಿರುಗಿದೀನಿ ಕಣೋ!" ಎಂದಳು ಮಹಡಿಯಜ್ಜಿ. ಠರಾವು ತಮ್ಮ ಮೂರು ಪುಟದ ಅರ್ಜಿಯನ್ನು ನೆನೆದು ಬೆವರಿದರು. ಸಭೆಗೆ ಬಂದಿದ್ದ ಇಂಜಿನಿಯರು ಇನ್ನೂ ಹೆಚ್ಚು ಬೆವರಿದರು. "ರಸ್ತೆ ದುರಸ್ತಿಯಾಗಿದೆ ಅಂತ ಬರೆದು ಕಟಕಟೆ ತೆಗೀಬಹುದು. ಮೊದಲಿಂದ ಸರಿಯಾಗೇ ಇತ್ತು ಅಂತ ಬರೆಯೋಕೆ ಫಾರಂನಲ್ಲಿ ಜಾಗಾನೇ ಇಲ್ಲ" ಎಂದರು. ಕೊನೆಗೆ, ಯಾರೂ ಮುಟ್ಟದ ರಸ್ತೆಯು ತೃಪ್ತಿಕರವಾಗಿ ದುರಸ್ತಿಯಾಗಿದೆ ಎಂದು ದಾಖಲಾಯಿತು. ಈ ಗದ್ದಲದ ನಡುವೆ ಟೈಲರ್ ಕೊರಳಿನ ಹಾರವನ್ನು ತೆಗೆದು ಕುರ್ಚಿಯ ಮೇಲಿಟ್ಟು ಎದ್ದುಹೋದ.

ಮಾರನೆಯ ದಿನ ರಿಪೇರಿಯಕ್ಕ ಬಂದಳು. ಮೊಮ್ಮಗಳು ಹುಟ್ಟಿದ್ದಳು. ಕಂಪ್ಯೂಟರಿನ ಮುಂದೆ ಕೂತು ಹತ್ತು ನಿಮಿಷದಲ್ಲಿ ಉಳಿದರ್ಧ ವಾಕ್ಯವನ್ನು ಮುಗಿಸಿದಳು. "ಕ್ಯಾಮೆರಾನೇ ಚಿತ್ರಾನ ಮಡಚಿ ಕಳಿಸುತ್ತೆ ಅಣ್ಣ. ಅದನ್ನ ಇದು ಬಿಚ್ಚೋದೇ ಬೇಡ, ಬಂದ ಹಾಗೇ ಎತ್ತಿಡ್ಲಿ. ಅಲುಗಾಟ ನೋಡೋಕೆ ಸಣ್ಣ ಚಿತ್ರ ಸಾಕು. ಇಲ್ಲಿ ಗೇಟಿನ ಸುತ್ತ ಗೆರೆ ಎಳೆದಿದೀನಿ. ಇದರೊಳಗೆ ಯಾರಾದ್ರೂ ಬಂದ್ರೆ ಮಾತ್ರ ನೋಡುತ್ತೆ. ಬೀದಿ ಏನಾದ್ರೂ ಮಾಡ್ಕೊಳ್ಳಿ, ಇದಕ್ಕೆ ಬೇಕಿಲ್ಲ. ತೆರೆ ಮೇಲೆ ನಾಲ್ಕೂ ತೋರಿಸ್ತಾ ಇರೋದೂ ಬೇಡ."

ಕಟಕಟೆ ಹೋದ ಬೀದಿಯಲ್ಲಿ ಅಷ್ಟು ದಿನದ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವ ಹಾಗೆ ಜನ ಓಡಾಡುತ್ತಿದ್ದರು. ಅಂಕಿ ಹದಿನಾಲ್ಕು ತೋರಿಸುತ್ತಿತ್ತು.

ಹಳೆಯ ರೆಕಾರ್ಡಿಂಗುಗಳನ್ನು ಅಳಿಸುತ್ತಾ ರಿಪೇರಿಯಕ್ಕ ಒಂದು ಕಡೆ ನಿಂತಳು. "ಗುರುವಾರ ನೀವು ಬಿದ್ದಿದ್ದು ಇದೆ. ಆಮೇಲೆ ಟೈಲರಣ್ಣ ಬರೋದು ಇದೆ. ನಡುವೆ ನಲವತ್ತು ನಿಮಿಷ ಏನೂ ಇಲ್ವಲ್ಲ?"

"ನಾನು ಅಲುಗಾಡ್ಲಿಲ್ಲ" ಎಂದ ಖಾತ್ರಿಯಣ್ಣ. "ಬೇರೆ ಯಾರೂ ಬರ್ಲಿಲ್ಲ."

ಅವಳು ಅವನ ಮುಖ ನೋಡಿ, ಮತ್ತೆ ಅಳಿಸತೊಡಗಿದಳು.

ಅವಳು ಹೋದ ಮೇಲೆ ಅವನು ಊರುಗೋಲು ತೆಗೆದುಕೊಂಡು ರಸ್ತೆ ದಾಟಿದ. ಇಪ್ಪತ್ತು ಅಡಿ. ಅಷ್ಟಕ್ಕೇ ಏದುಸಿರು ಬಂತು. ಟೈಲರ್ ಮಷೀನಿನ ಮುಂದೆ ಕೂತಿದ್ದ. ಮೊಣಕೈಯ ಗಾಯಕ್ಕೆ ಪಟ್ಟಿ ಇತ್ತು. ತಲೆ ಎತ್ತಲಿಲ್ಲ. ಖಾತ್ರಿಯಣ್ಣ ಗಿರಾಕಿಗಳ ಬೆಂಚಿನ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಕೂತ. ಒಂದು ತೋಳಿನ ಹೊಲಿಗೆ ಮುಗಿಯಿತು. ಎರಡನೆಯದು ಶುರುವಾಯಿತು.

"ಬೈಯೋದಿದ್ರೆ ಬೈದ್ಬಿಡೋ. ಬೀದಿಯೆಲ್ಲ ಬೈದಾಯ್ತು, ನೀನೊಬ್ನೇ ಬಾಕಿ."

ಮಷೀನು ಓಡಿತು.

"ನಿನ್ನ ಪ್ರಾಣ ಹೋಗುತ್ತೆ ಅಂತ ತಿಳ್ಕೊಂಡು ಬಂದೆ ನೀನು. ಅದೂ ನನ್ನ ಸುಳ್ಳಿಗೆ."

ಟೈಲರ್ ಚಕ್ರದ ಮೇಲೆ ಕೈಯಿಟ್ಟು ಮಷೀನು ನಿಲ್ಲಿಸಿದ. ಹಲ್ಲಿನಿಂದ ದಾರ ಕಡಿದ.

"ಅಜ್ಜಿ ಕೂಗಿದ್ದು ನಂಗೆ ಮೊದ್ಲೇ ಕೇಳಿಸ್ತು. ಇಲ್ಲೇ, ಈ ಬಾಗಿಲ ಹಿಂದೆ ನಿಂತ್ಕೊಂಡಿದ್ದೆ. ಕಾಲು ಬರ್ಲಿಲ್ಲ. ಹತ್ತು ನಿಮಿಷ ನಿಂತಿದ್ದೆ."

ಖಾತ್ರಿಯಣ್ಣ ಊರುಗೋಲನ್ನು ಬೆಂಚಿಗೆ ಒರಗಿಸಿದ.

"ನೀನು ಮೊದ್ಲೇ ಹೇಳಿದ್ದಿದ್ರೆ ನಡ್ಕೊಂಡು ಬರ್ತಿದ್ನಲ್ಲೋ" ಎಂದ ಟೈಲರ್. "ಆ ಹತ್ತು ನಿಮಿಷ ನೀನೊಬ್ನೇ ಬಿದ್ದಿರೋದು ತಪ್ತಿತ್ತು."